ಗಂಟು ಯಾರದು, ಚೀಟಿ ಯಾರದು: ಒಂದು ಅವಶೇಷ ಪೆಟ್ಟಿಗೆಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದ ಊರು, ಚರ್ಚು, ಜನ ಯಾರ ಗುರುತೂ ಇಲ್ಲಿ ಸಿಗುವುದಿಲ್ಲ. ಗಂಟುಗಳ ನಂಬರು, ಎಣಿಕೆ, ಅಳತೆ ಕೂಡ ಬದಲಿಸಿದ್ದೇನೆ. ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದೆವು, ಅದು ನಮ್ಮನ್ನ ಎಲ್ಲಿಗೆ ಕರೆದುಕೊಂಡು ಹೋಯಿತು ಅನ್ನುವುದನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ತಪ್ಪು ಮಾಡಿದವನು ನಾನೇ. ಹಾಗಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ಹಿನ್ನೆಲೆ

ಉತ್ತರ ಫ್ರಾನ್ಸಿನ ಒಂದು ಸಣ್ಣ ಊರು. ಅಲ್ಲಿನ ಚರ್ಚು ಸಂತ ಜೆರ್ಮಾನುಸರ ಹೆಸರಿನದು. ಇಷ್ಟು ಹೇಳಿದರೆ ಊರಿನ ಗುಟ್ಟೇನೂ ಬಯಲಾಗುವುದಿಲ್ಲ. ಈ ಹೆಸರಿನ ಚರ್ಚು, ಊರು, ಬೀದಿ ಫ್ರಾನ್ಸಿನ ತುಂಬಾ ಇವೆ. ಪ್ಯಾರಿಸ್ ಸೇಂಟ್ ಜರ್ಮೇನ್ ಅಂತ ಫುಟ್‌ಬಾಲ್ ನೋಡುವವರು ದಿನಾ ಕೇಳುವುದೂ ಇದೇ ಹೆಸರು.

ಚರ್ಚಿನ ಒಳಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು, ಸಂತರ ಅವಶೇಷಗಳನ್ನ ಕಾಪಾಡಿಟ್ಟ ಪೆಟ್ಟಿಗೆ. ಹೆಚ್ಚುಕಡಿಮೆ ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು. ಮುಚ್ಚಳದ ಮೇಲೆ ದಾರ, ದಾರದ ಮೇಲೆ ಕೆಂಪು ಅರಗು, ಅರಗಿನ ಮೇಲೆ ಹತ್ತೊಂಬತ್ತನೇ ಶತಮಾನದ ಒಬ್ಬ ಬಿಷಪ್ಪರ ಮೊಹರು. ಮರಕ್ಕೆ ಹುಳು ಹಿಡಿದಿತ್ತು. ಹಾಗಾಗಿ ತೆರೆಯಲೇಬೇಕಾಯಿತು. ತೆರೆಯಲು ಎರಡು ಕಡೆ ಅನುಮತಿ ಬೇಕು. ಮೊಹರು ಬಿಷಪ್ಪರದು. ಆದರೆ ಫ್ರಾನ್ಸಿನಲ್ಲಿ 1905ರ ಕಾಯಿದೆಯಿಂದಾಗಿ ಹಳೆಯ ಊರ ಚರ್ಚುಗಳು ಹೆಚ್ಚಾಗಿ ಪುರಸಭೆಯ ಆಸ್ತಿ. ಕಾಗದಪತ್ರ ಮುಗಿಯುವ ಹೊತ್ತಿಗೆ ಒಂದು ಚಳಿಗಾಲ ಕಳೆದಿತ್ತು.

ಕೊನೆಗೆ ಏಪ್ರಿಲ್ ನಡುವಿನಲ್ಲಿ ಐದು ಜನ ಮೇಜಿನ ಸುತ್ತ ಕೂತೆವು. ಚರ್ಚಿನ ಫಾದರ್, ಬಟ್ಟೆ ಮತ್ತು ಚರ್ಮಪತ್ರ (ಬರೆಯಲು ಹದ ಮಾಡಿದ ಪ್ರಾಣಿಯ ಚರ್ಮ) ಎರಡನ್ನೂ ಬಲ್ಲ ಒಬ್ಬ ಸಂರಕ್ಷಕಿ, ಒಬ್ಬ ಲಿಪಿತಜ್ಞರು, ಸರ್ಕಾರದ ಕಡೆಯ ಒಬ್ಬ ಅಧಿಕಾರಿ, ಮತ್ತೆ ನಾನು. ಫೋಟೋ ತೆಗೆಯುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ.

ಒಳಗೆ 29 ಗಂಟುಗಳು. ಕೆಲವು ಅಡಕೆಯಷ್ಟು, ಕೆಲವು ನಿಂಬೆಹಣ್ಣಿನಷ್ಟು. ಹೆಚ್ಚಿನವು ನಾರುಬಟ್ಟೆಯವು, ನಾಲ್ಕೈದು ರೇಷ್ಮೆಯವು. ಒಂದೊಂದಕ್ಕೂ ದಾರ ಸುತ್ತಿ, ದಾರದೊಳಗೆ ಒಂದು ಚರ್ಮಪತ್ರದ ಚೀಟಿ ಸಿಕ್ಕಿಸಿದ್ದರು. ಬೆರಳಿನಷ್ಟು ಉದ್ದ, ಬಸ್ ಟಿಕೆಟ್ಟಿಗಿಂತ ಸಣ್ಣ ಅಗಲ. ಪುಸ್ತಕ ಮಾಡುವಾಗ ಅಂಚಿನಲ್ಲಿ ಉಳಿದ ಚೂರುಗಳನ್ನ ಬಿಸಾಡದೆ ಇದಕ್ಕೆ ಬಳಸುತ್ತಿದ್ದರು. ಅದಕ್ಕೇ ಒಂದೂ ನೇರ ಇರುವುದಿಲ್ಲ.

ಕ್ರೈಸ್ತ ಸಂಪ್ರದಾಯದಲ್ಲಿ ಅವಶೇಷ ಅಂದರೆ ಸಂತರ ಮೂಳೆಯೇ ಆಗಬೇಕು ಅಂತಿಲ್ಲ. ಅವರ ಬಟ್ಟೆ, ಸಮಾಧಿಯ ಮಣ್ಣು, ದೀಪದ ಎಣ್ಣೆ, ಪುಣ್ಯಸ್ಥಳದ ಕಲ್ಲು, ಇವೂ ಅವಶೇಷಗಳೇ. ಕಲ್ಲಿನ ಚೂರಿಗೂ ಮೂಳೆಯ ಚೂರಿಗೂ ತಾನಾಗಿ ಹೆಸರು ಇರುವುದಿಲ್ಲ ಅಲ್ವಾ? ಅದಕ್ಕೇ ಚೀಟಿ. ರೋಮಿನ ಸಾಂಕ್ತಾ ಸಾಂಕ್ತೋರುಮ್ ಅನ್ನುವ ಪುಟ್ಟ ಪ್ರಾರ್ಥನಾಲಯದಲ್ಲಿ ಆರನೇ ಶತಮಾನದ ಒಂದು ಮರದ ಡಬ್ಬಿ ಸಿಕ್ಕಿತ್ತು. ಅದರೊಳಗೆ ಹೆಚ್ಚಾಗಿ ಮಣ್ಣು, ಕಲ್ಲಿನ ಚೂರು. ಆದರೆ ಚೂರುಗಳ ಮೇಲೆ ಗ್ರೀಕಿನಲ್ಲಿ ‘ಬೆತ್ಲೆಹೇಮಿನಿಂದ’, ‘ಆಲಿವ್ ಗುಡ್ಡದಿಂದ’ ಅಂತ ಬರೆದಿದೆ. ಆ ಎರಡು ಮಾತು ಕಿತ್ತರೆ ಉಳಿಯುವುದು ಜಲ್ಲಿ.

ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲೂ ಇಂಥದ್ದೇ ನಡೆದಿದೆ. ಸ್ತೂಪದ ಶಿಲ್ಪದಲ್ಲಿ ಒಬ್ಬ ರಾಜ, ಪಕ್ಕದಲ್ಲಿ ಹೆಂಗಸರು. ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಅಂತ ಕೊರೆದಿರದಿದ್ದರೆ ಅವನು ಯಾರೋ ಒಬ್ಬ ರಾಜ ಅಷ್ಟೇ. ಒಂದೇ ವ್ಯತ್ಯಾಸ. ಕನಗನಹಳ್ಳಿಯ ಹೆಸರು ಕಲ್ಲಿನಲ್ಲೇ ಇದೆ, ಜಾರಿ ಬೀಳುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಹೆಸರು ನಿಂತಿದ್ದು ಒಂದು ದಾರದ ಮೇಲೆ.

ಚೀಟಿ ಇಲ್ಲದಿದ್ದರೆ ಅವಶೇಷಕ್ಕೆ ಬೆಲೆಯೇ ಇಲ್ಲ ಅಂತ ಆ ಕಾಲದವರು ತಿಳಿದಿರಲಿಲ್ಲ. ಆರನೇ ಶತಮಾನದ ತೂರ್ ಪಟ್ಟಣದ ಬಿಷಪ್ ಗ್ರೆಗರಿ ತನ್ನ ತಂದೆಯ ಕಥೆ ಬರೆದಿದ್ದಾನೆ. ತಂದೆಗೆ ಆಗಷ್ಟೇ ಮದುವೆಯಾಗಿತ್ತು. ರಾಜನಿಗೆ ಒತ್ತೆಯಾಳಾಗಿ ಹೋಗಬೇಕಾಗಿ ಬಂತು. ಹೊರಡುವ ಮುಂಚೆ ಒಬ್ಬ ಪಾದ್ರಿಯ ಹತ್ತಿರ ಅವಶೇಷ ಕೇಳಿ ಚಿನ್ನದ ತಾಯಿತದೊಳಗೆ ಹಾಕಿಸಿಕೊಂಡ. ಯಾವ ಸಂತರದು ಅಂತ ಅವನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಆದರೂ ಎಷ್ಟೋ ಸಲ ತನ್ನನ್ನ ಕಾಪಾಡಿತು ಅನ್ನುತ್ತಿದ್ದನಂತೆ. ಮುಂದೆ ತಾಯಿಯ ಕೊರಳಿಗೆ ಅದು ಬಂತು. ಸುಗ್ಗಿಯಲ್ಲಿ ಕಣಕ್ಕೆ ಬೆಂಕಿ ಬಿದ್ದಾಗ ಆಕೆ ತಾಯಿತ ತೆಗೆದು ಬೆಂಕಿಗೆ ಎದುರು ಹಿಡಿದಳು, ಬೆಂಕಿ ಆರಿತು ಅನ್ನುತ್ತಾನೆ ಗ್ರೆಗರಿ. ಇದನ್ನ ಇಲ್ಲೇ ಯಾಕೆ ಹೇಳಿದೆ ಅಂದರೆ, ನಮ್ಮ ಫಾದರ್ ಇದೇ ಕಥೆಯನ್ನ ಎರಡು ಸಲ ಹೇಳಿದರು. ಒಂದು ಸಲ ನಗುತ್ತಾ, ಇನ್ನೊಂದು ಸಲ ನಗದೆ.

ಸಮಸ್ಯೆ

29 ಗಂಟಿಗೆ 36 ಚೀಟಿ. ಐದು ಗಂಟಿಗೆ ಎರಡೆರಡು ಚೀಟಿ ಇದ್ದವು. ಹಳೆಯದು ಮಾಸಿ ಹೋಗುತ್ತಿದೆ ಅಂತ ಮುಂದಿನವರು ಯಾರೋ ಹೊಸದು ಬರೆದು ಸಿಕ್ಕಿಸಿದ್ದರು. ಹತ್ತೊಂಬತ್ತು ಗಂಟಿಗೆ ಒಂದೊಂದು. ಐದು ಗಂಟುಗಳಿಗೆ ಏನೂ ಇಲ್ಲ. ಪೆಟ್ಟಿಗೆಯ ತಳದಲ್ಲಿ ಏಳು ಬಿಡಿ ಚೀಟಿಗಳು ಬಿದ್ದಿದ್ದವು.

ಹೀಗಾಗಲು ಕಾರಣ ಹುಡುಕಬೇಕಾಗಿರಲಿಲ್ಲ. 1793ರ ಸುಮಾರಿಗೆ, ಕ್ರಾಂತಿಯ ಬಿಸಿಯಲ್ಲಿ, ಫ್ರಾನ್ಸಿನ ಚರ್ಚುಗಳ ಬೆಳ್ಳಿ ಬಂಗಾರದ ಪೆಟ್ಟಿಗೆಗಳು ಕರಗಿಸಲು ಹೋದವು. ಒಳಗಿನ ಗಂಟುಗಳನ್ನ ಎಷ್ಟೋ ಕಡೆ ಊರವರು ಮನೆಗೆ ಒಯ್ದು ಬಚ್ಚಿಟ್ಟರು. 1801ರಲ್ಲಿ ನೆಪೋಲಿಯನ್ನನಿಗೂ ಪೋಪರಿಗೂ ಒಪ್ಪಂದ ಆದ ಮೇಲೆ ಅವು ಒಂದೊಂದಾಗಿ ವಾಪಸು ಬಂದವು. ಬಿಷಪ್ಪರು ನೋಡಿ, ಮಹಜರು ಬರೆಸಿ, ಹೊಸ ಪೆಟ್ಟಿಗೆಗೆ ಹಾಕಿ ಮೊಹರು ಒತ್ತಿದರು. ನಮ್ಮ ಪೆಟ್ಟಿಗೆಯಲ್ಲೂ ಅಂಥ ಒಂದು ಮಹಜರು ಇತ್ತು. ಅದರಲ್ಲಿ ‘ಪ್ಯಾರಿಸಿನ ಬಿಷಪ್ ಸಂತ ಜೆರ್ಮಾನುಸರ ಅವಶೇಷ’ ಅಂತ ಸ್ಪಷ್ಟವಾಗಿ ಬರೆದಿತ್ತು. ಯಾವ ಗಂಟು ಅಂತ ಮಾತ್ರ ಬರೆದಿರಲಿಲ್ಲ.

ಫಾದರ್ ಕೇಳಿದ್ದು ಒಂದೇ ಪ್ರಶ್ನೆ. “ನಮ್ಮ ಜೆರ್ಮಾನುಸ್ ಇದರಲ್ಲಿ ಯಾವುದು?” ಪ್ಯಾರಿಸಿನ ಜೆರ್ಮಾನುಸರ ಹಬ್ಬ ಮೇ 28ಕ್ಕೆ. ಆರು ವಾರ ಇತ್ತು. ಆ ದಿನ ಮೆರವಣಿಗೆಯಲ್ಲಿ ಊರ ಸಂತರನ್ನು ಹೊರಬೇಕು ಅನ್ನುವುದು ಅವರ ಆಸೆ. ತಪ್ಪೇನಿಲ್ಲ.

ಮೊದಲ ದಿನದ ತಪ್ಪು

ನಿಯಮ ಸರಳವಾಗಿತ್ತು. ಏನನ್ನೂ ಮುಟ್ಟುವ ಮುಂಚೆ ಪೆಟ್ಟಿಗೆಯ ಮೇಲಿನಿಂದ ಒಂದು ಫೋಟೋ. ಆಮೇಲೆ ಒಂದೊಂದೇ ಗಂಟನ್ನ ಟ್ರೇಗೆ ತಂದು ನಾಲ್ಕು ಕಡೆಯಿಂದ ಫೋಟೋ. ಬಿಡಿ ಚೀಟಿಗಳಿಗೆ ಬೇರೆ ಟ್ರೇ.

ಮಧ್ಯಾಹ್ನ ಮೂರರ ಹೊತ್ತಿಗೆ 14ನೇ ಗಂಟು ಬಂತು. ಇಡೀ ಪೆಟ್ಟಿಗೆಯಲ್ಲಿ ಚೆಂದದ್ದು ಅದೇ. ಕಡುಗೆಂಪು ರೇಷ್ಮೆ, ಅದರಲ್ಲಿ ಯಾವುದೋ ಪ್ರಾಣಿಯ ಬೆನ್ನಿನ ಗೆರೆ. ತಳದ ಫೋಟೋ ತೆಗೆಯಲು ಅಂತ ಅಂಗೈಯಲ್ಲಿ ತಿರುಗಿಸಿದೆ. ಒಣಗಿ ಕಡ್ಡಿಯಾಗಿದ್ದ ದಾರ ಸಡಿಲವಾಯಿತು, ಚೀಟಿ ಜಾರಿ ಕೆಳಗೆ ಬಿತ್ತು. ಬಿದ್ದದ್ದು ಬಿಡಿ ಚೀಟಿಗಳ ಟ್ರೇಗೆ. ಜಾಗ ಸಾಲದೆ ಆ ಟ್ರೇಯನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಟ್ರೇಯ ಈ ತುದಿಯಲ್ಲಿ ಎರಡು ಚೀಟಿ ಕಂಡವು. ಎರಡೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಉದ್ದ. ‘ಇದೇ’ ಅನ್ನಿಸಿದ್ದನ್ನ ಚಿಮಟದಲ್ಲಿ ಎತ್ತಿ ದಾರದೊಳಗೆ ಸಿಕ್ಕಿಸಿದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಹತ್ತು ಸೆಕೆಂಡಿನ ಕೆಲಸ, ಬರೆಯುವುದೇನು ಅಂದುಕೊಂಡೆ. ಕಾಫಿ ಬಂದಿತ್ತು ಬೇರೆ.

ಎಲ್ಲವೂ ಸರಿಹೋದಂತೆ ಕಂಡ ದಿನಗಳು

ನಾಲ್ಕನೇ ದಿನ ಲಿಪಿತಜ್ಞರು 14ಕ್ಕೆ ಬಂದರು. ಶಾಯಿ ಮಾಸಿತ್ತು. ಅಲ್ಟ್ರಾವಯಲೆಟ್ ದೀಪ ಹಾಕಿದಾಗ ಚರ್ಮಪತ್ರ ತಿಳಿನೀಲಿಯಾಗಿ ಹೊಳೆಯುತ್ತದೆ. ಹಳೆಯ ಕಬ್ಬಿಣದ ಶಾಯಿ ಹೊಳೆಯುವುದಿಲ್ಲ, ಹಾಗಾಗಿ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಅವರು ಮೆಲ್ಲಗೆ ಓದಿದರು: “ಹಿಕ್ ಸುಂತ್ ರೆಲಿಕ್ವಿಯಾಸ್ ಸಾಂಕ್ತಿ ಜೆರ್ಮಾನಿ.” ಇಲ್ಲಿ ಸಂತ ಜೆರ್ಮಾನುಸರ ಅವಶೇಷಗಳಿವೆ.

ಫಾದರ್ ಕುರ್ಚಿಯಿಂದ ಎದ್ದು ನಿಂತರು.

ಲಿಪಿತಜ್ಞರಿಗೆ ಖುಷಿಯಾಗಿದ್ದು ಬೇರೆ ಕಾರಣಕ್ಕೆ. ಆ ಲ್ಯಾಟಿನ್ ತಪ್ಪು. ‘ರೆಲಿಕ್ವಿಯೇ’ ಇರಬೇಕಾದ ಕಡೆ ‘ರೆಲಿಕ್ವಿಯಾಸ್’ ಇದೆ. ನಾವು ‘ಮೂಳೆಗಳು ಇವೆ’ ಅನ್ನುವ ಬದಲು ‘ಮೂಳೆಗಳನ್ನು ಇವೆ’ ಅಂದ ಹಾಗೆ. ಚೀಟಿ ಬರೆದ ಕಾಲದಲ್ಲಿ ಗಾಲ್ ಪ್ರಾಂತದವರು, ಅಂದರೆ ಈಗಿನ ಫ್ರಾನ್ಸಿನ ಕಡೆಯವರು, ಮಾತಾಡುತ್ತಿದ್ದ ಲ್ಯಾಟಿನ್ ಹೀಗೇ ಬದಲಾಗಿತ್ತು, ಬರೆಯುವವರ ಕೈಗೂ ಹಾಗೇ ಇಳಿಯಿತು. ಎಂಟನೇ ಶತಮಾನದ ಕೊನೆಗೆ ಆಳಿದ ರಾಜ ಚಾರ್ಲ್‌ಮೇನ್ ಕಾಲದ ಸುಧಾರಣೆಯ ನಂತರ ಮೇಷ್ಟ್ರುಗಳು ಇದನ್ನೆಲ್ಲ ತಿದ್ದಿದರು. ಹಾಗಾಗಿ ತಪ್ಪಿದ್ದರೆ ಹಳೆಯದು ಅನ್ನುವ ಸಂಭವ ಜಾಸ್ತಿ. ಅಕ್ಷರದ ಆಕಾರವೂ ಅದನ್ನೇ ಹೇಳುತ್ತಿತ್ತು. ‘ಎ’ ಅಕ್ಷರದ ತಲೆ ಮುಚ್ಚಿಲ್ಲ, ಎರಡು ‘ಸಿ’ ಅಂಟಿಸಿದಂತಿದೆ. ಎಂಟನೇ ಶತಮಾನದ ಹೊತ್ತಿನ ಕೈ ಅಂದರು. ಪ್ಯಾರಿಸ್ ಹತ್ತಿರದ ಶೆಲ್ ಅನ್ನುವ ಕಡೆ, ರಾಣಿ ಬಾಲ್ತಿಲ್ಡ್ ಕಟ್ಟಿಸಿದ ಸನ್ಯಾಸಿನಿಯರ ಮಠದ ಪೆಟ್ಟಿಗೆಗಳಲ್ಲಿ 1983ರಲ್ಲಿ ನೂರಕ್ಕೂ ಹೆಚ್ಚು ಇಂಥ ಚೀಟಿಗಳು ಸಿಕ್ಕಿವೆ. ಹೋಲಿಸಿ ನೋಡಲು ಅವು ಇದ್ದವು.

ಆರನೇ ದಿನ ಎಕ್ಸ್‌-ರೇ. ಗಂಟು ಬಿಚ್ಚಬಾರದು ಅಂತ ಮೊದಲೇ ತೀರ್ಮಾನವಾಗಿತ್ತು. ಹಳೆಯ ಮಡಿಕೆ ಒಮ್ಮೆ ಬಿಚ್ಚಿದರೆ ಮತ್ತೆ ಹಾಗೇ ಕಟ್ಟಲಾಗದು. ಚಿತ್ರದಲ್ಲಿ 14ರೊಳಗೆ ಮೂಳೆ ಕಾಣಲಿಲ್ಲ. ಬಟ್ಟೆಯ ಮಡಿಕೆ, ನಡುವೆ ಮರಳಿನಂಥ ಕಾಳುಗಳು, ಎರಡು ಮೂರು ಕಲ್ಲಿನ ಚೂರು. ಅಷ್ಟೇ.

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವ ಗಳಿಗೆ ಇದು. ಚೀಟಿ ಒಂದು ಹೇಳುತ್ತಿದೆ, ಗಂಟು ಇನ್ನೊಂದು ಹೇಳುತ್ತಿದೆ. ಅಲ್ಲೇ ನಿಲ್ಲಬೇಕಾಗಿತ್ತು. ನಾವು ನಿಲ್ಲಲಿಲ್ಲ, ಯಾಕೆಂದರೆ ನಮ್ಮ ಹತ್ತಿರ ಒಂದು ಒಳ್ಳೆ ವಿವರಣೆ ಇತ್ತು. ಪೋಪ್ ಮಹಾ ಗ್ರೆಗರಿ 594ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಾಮ್ರಾಜ್ಞಿಗೆ ಬರೆದ ಕಾಗದ. ಆಕೆ ಸಂತ ಪೌಲರ ತಲೆ ಕಳಿಸಿ ಅಂತ ಕೇಳಿದ್ದಳು. ರೋಮಿನಲ್ಲಿ ನಾವು ಸಂತರ ದೇಹ ಮುಟ್ಟುವುದಿಲ್ಲ, ಒಂದು ಬಟ್ಟೆಯನ್ನ ಡಬ್ಬಿಯಲ್ಲಿ ಹಾಕಿ ಸಮಾಧಿಯ ಹತ್ತಿರ ಇಟ್ಟು ಅದನ್ನೇ ಕಳಿಸುತ್ತೇವೆ ಅಂತ ಅವನು ಉತ್ತರ ಕೊಟ್ಟ. ಹಾಗಾದರೆ 14ರೊಳಗಿನ ಬಟ್ಟೆಯೂ ಜೆರ್ಮಾನುಸರ ಸಮಾಧಿ ಮುಟ್ಟಿಸಿದ ಬಟ್ಟೆ, ಮರಳು ಸಮಾಧಿಯ ಧೂಳು! ಎಲ್ಲ ಕೂಡಿ ಬಂತು. ಊರ ಸಂತರಿಗೆ ಊರಿನಲ್ಲೇ ಒಳ್ಳೆಯ ರೇಷ್ಮೆ ಸಿಕ್ಕಿದ್ದೂ ಸಹಜ ಅನ್ನಿಸಿತು. ಪೋಪರ ಕಾಗದ ನಿಜ, ಪದ್ಧತಿಯೂ ನಿಜ. ನನ್ನ ಕೈತಪ್ಪಿನ ಮೇಲೆ ಅಷ್ಟು ನಿಜವಾದ ಚಾದರ ಹೊದಿಸಿದೆವು.

ಎಂಟನೇ ದಿನ ಫಾದರ್ ಹಬ್ಬದ ಕರಪತ್ರದ ಕರಡು ಪ್ರೆಸ್ಸಿಗೆ ಕಳಿಸಿದರು. ಮುಖಪುಟದಲ್ಲಿ 14ನೇ ಗಂಟಿನ ಫೋಟೋ. ತೆಗೆದವನು ನಾನು.

ಹತ್ತನೇ ದಿನ

ಸಂಜೆ ಎಲ್ಲರೂ ಹೋದ ಮೇಲೆ ಫೋಟೋಗಳಿಗೆ ನಂಬರು ಕೊಡುತ್ತಾ ಕೂತಿದ್ದೆ. ಪೆಟ್ಟಿಗೆ ತೆರೆದಾಗಿನ ಮೊದಲ ಫೋಟೋ ಬಂತು. ಕೆಂಪು ರೇಷ್ಮೆಯ ಗಂಟು ಮೂಲೆಯಲ್ಲಿದೆ, ಅದರ ಚೀಟಿಯ ಒಂದು ತುದಿ ಮಾತ್ರ ಹೊರಗೆ ಕಾಣುತ್ತಿದೆ. ಸುಮ್ನೆ ದೊಡ್ಡದು ಮಾಡಿ ನೋಡಿದೆ. ಆ ತುದಿ ಮೀನಿನ ಬಾಲದ ಹಾಗೆ ಸೀಳಿತ್ತು.

ಜೆರ್ಮಾನುಸ್ ಚೀಟಿಯ ಎರಡೂ ತುದಿ ನೇರ. ಅದನ್ನ ನಾನು ಹತ್ತಾರು ಸಲ ನೋಡಿದ್ದೆ.

ಬಿಡಿ ಚೀಟಿಗಳ ಟ್ರೇ ತೆರೆದೆ. ಮೀನಿನ ಬಾಲದ ಚೀಟಿ ಅಲ್ಲೇ ಇತ್ತು. ಲಿಪಿತಜ್ಞರು ಅದನ್ನೂ ಓದಿಯಾಗಿತ್ತು: ‘ದೆ ಸೆಪುಲ್ಕ್ರೋ ದೋಮಿನಿ’. ಪ್ರಭುವಿನ ಸಮಾಧಿಯಿಂದ. ಜೆರುಸಲೇಮಿನ ಯೇಸುವಿನ ಸಮಾಧಿ. ಕಲ್ಲು, ಮರಳು, ಒಳ್ಳೆಯ ರೇಷ್ಮೆ, ಎಲ್ಲವೂ ಒಂದೇ ಕ್ಷಣಕ್ಕೆ ಅದರ ಅದರ ಜಾಗಕ್ಕೆ ಬಂದು ಕೂತವು. ನನ್ನ ಹೊಟ್ಟೆಯಲ್ಲಿ ಮಾತ್ರ ಏನೂ ಕೂರಲಿಲ್ಲ.

ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಚಿಮಟ ಕೈಗೆಟುಕುವಲ್ಲೇ ಇದೆ. ಎರಡು ಚೀಟಿ ಅದಲು ಬದಲು ಮಾಡಿ, ಬೆಳಗ್ಗೆ ‘ಫೋಟೋ ನೋಡುವಾಗ ಒಂದು ಸಂಶಯ ಬಂತು’ ಅಂದರೆ ಮುಗಿಯುತ್ತಿತ್ತು. ಆ ಯೋಚನೆ ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಐದು ನಿಮಿಷ ಬಂತು.

ಸಂರಕ್ಷಕಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. “ಯಾವುದನ್ನೂ ಮುಟ್ಟಬೇಡಿ. ಈಗ ಹೇಗಿದೆಯೋ ಹಾಗೇ ಫೋಟೋ ತೆಗೀರಿ. ಆಮೇಲೆ ಮೊದಲ ದಿನ ಏನಾಯಿತು ಅಂತ ನೆನಪಿರುವಷ್ಟು ಬರೆದು ಇವತ್ತಿನ ತಾರೀಕು ಹಾಕಿ” ಅಂದರು. ತಪ್ಪಿನ ಸ್ಥಿತಿಯನ್ನೂ ದಾಖಲು ಮಾಡದೆ ಸರಿ ಮಾಡಬಾರದು ಅನ್ನುವುದು ಅವರ ಲೆಕ್ಕ. ಆ ಹತ್ತು ದಿನಗಳಲ್ಲಿ ನಡೆದ ಓದು, ಎಕ್ಸ್‌-ರೇ, ಟಿಪ್ಪಣಿ ಎಲ್ಲ ಆ ತಪ್ಪು ಜೋಡಿಯ ಮೇಲೆ ನಿಂತಿವೆ. ಸದ್ದಿಲ್ಲದೆ ಅದಲು ಬದಲು ಮಾಡಿದರೆ ಆ ಟಿಪ್ಪಣಿಗಳನ್ನ ಮುಂದೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ.

ಬೆಳಗ್ಗೆ ಫಾದರಿಗೆ ನಾನೇ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಪ್ರೆಸ್ಸಿಗೆ ಫೋನ್ ಮಾಡಿ ಕರಪತ್ರ ನಿಲ್ಲಿಸಿದರು. ಆಮೇಲೆ ಮತ್ತೆ ಅದೇ ಪ್ರಶ್ನೆ: “ಹಾಗಾದರೆ ನಮ್ಮವರು ಎಲ್ಲಿ?”

ಎರಡನೇ ಸುತ್ತು

ಈಗ ಜೆರ್ಮಾನುಸ್ ಚೀಟಿ ಮನೆ ಇಲ್ಲದ ಚೀಟಿ. ಐದು ಗಂಟುಗಳು ಹೆಸರಿಲ್ಲದವು. ಈ ಸಲ ಅಕ್ಷರ ಪಕ್ಕಕ್ಕಿಟ್ಟು ವಸ್ತುವನ್ನೇ ನೋಡೋಣ ಅಂತ ಸಂರಕ್ಷಕಿ ಹೇಳಿದರು. ದಾರದ ಒತ್ತು, ಮಡಿಕೆಯ ಗೆರೆ, ಬಟ್ಟೆಯ ಬಣ್ಣ.

ಚೀಟಿ ನೂರಾರು ವರ್ಷ ಬಟ್ಟೆಯ ಮೇಲೆ ಕೂತಿದ್ದರೆ ಅದರ ಕೆಳಗೆ ಧೂಳು ಕೂರುವುದಿಲ್ಲ. ಗೋಡೆಯ ಮೇಲಿನ ಹಳೇ ಫೋಟೋ ತೆಗೆದರೆ ಹಿಂದೆ ಬಿಳಿ ಚೌಕ ಕಾಣುತ್ತದಲ್ಲ, ಹಾಗೆ. ಐದರಲ್ಲಿ 22ನೇ ಗಂಟಿನ ಮೇಲೆ ಅಂಥ ಒಂದು ಬಿಳಿ ಪಟ್ಟಿ ಸಿಕ್ಕಿತು. ಜೆರ್ಮಾನುಸ್ ಚೀಟಿ ಅಲ್ಲಿ ಕೂರುತ್ತದೆ. ಅದರೊಳಗೆ ಮೂಳೆಯ ಚೂರೂ ಇದೆ ಅಂತ ಎಕ್ಸ್‌-ರೇ ಹೇಳುತ್ತಿತ್ತು. ಫಾದರ್ ಮುಖ ಅರಳಿತು. ಆದರೆ ಬಿಡಿ ಚೀಟಿಗಳಲ್ಲಿ ಇನ್ನೂ ಒಂದು, ಸಂತ ಜಾರ್ಜನ ಹೆಸರಿನದು, ಅದೇ ಪಟ್ಟಿಗೆ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಒಂದು ಮಿಲಿಮೀಟರ್ ಹೆಚ್ಚುಕಡಿಮೆ. ಚರ್ಮಪತ್ರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದು ಮಿಲಿಮೀಟರ್ ನಂಬಿ ಸಂತರನ್ನ ನಿರ್ಧರಿಸಲಾಗುತ್ತದೆಯೇ?

ಅದೇ ವಾರ ಲಿಪಿತಜ್ಞರು ಒಂದು ಚೆಂದದ ಸಂಗತಿ ಹಿಡಿದರು. ಜೆರ್ಮಾನುಸ್ ಚೀಟಿಯ ಮೇಲಂಚಿನಲ್ಲಿ, ಅಕ್ಷರಕ್ಕೆ ಸಂಬಂಧವೇ ಇಲ್ಲದ ಒಂದು ಸಣ್ಣ ಕಪ್ಪು ಗೀಟು ಇತ್ತು. ಅದನ್ನ ನಾವೆಲ್ಲ ಕಲೆ ಅಂದುಕೊಂಡಿದ್ದೆವು. 5ನೇ ಗಂಟಿಗೆ ಗಟ್ಟಿಯಾಗಿ ಕಟ್ಟಿದ್ದ ಸಂತ ದಿಯೊನಿಸಿಯುಸರ ಚೀಟಿಯಲ್ಲಿ ‘ರೆಲಿಕ್ವಿಯಾಸ್’ ಪದದ ‘ಕ್ಯೂ’ ಅಕ್ಷರದ ಬಾಲ ಅರ್ಧಕ್ಕೇ ಕತ್ತರಿಸಿತ್ತು. ಎರಡೂ ಫೋಟೋ ಪಕ್ಕ ಪಕ್ಕ ಇಟ್ಟರೆ ಬಾಲ ಪೂರ್ತಿಯಾಯಿತು. ಅಂದರೆ ಬರೆದವನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಹೆಸರು ಬರೆದು, ಆಮೇಲೆ ಕತ್ತರಿಸಿದ್ದಾನೆ. ಒಂದೇ ಸಲ ಕೂತು, ಒಂದೇ ಶಾಯಿಯಲ್ಲಿ. ಸಾವಿರದ ಇನ್ನೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ನಮ್ಮ ಕಣ್ಣೆದುರು ಬಂದಂತಾಯಿತು. ಕತ್ತರಿ ಹಿಡಿದವನಿಗೆ ಆತುರ ಇತ್ತು ಅಂತಲೂ ಗೊತ್ತಾಯಿತು.

ದಿಯೊನಿಸಿಯುಸ್ ಪ್ಯಾರಿಸಿನ ಸಂತ. ಅವನ ಕೆಳಗಿನ ಸಾಲಿನವನೂ ಪ್ಯಾರಿಸಿನ ಜೆರ್ಮಾನುಸನೇ ಇರಬಹುದಲ್ಲ ಅಂತ ಫಾದರ್ ಕೇಳಿದರು. “ಇರಬಹುದು. ಆದರೆ ಪಂಕ್ತಿಯಲ್ಲಿ ಪಕ್ಕ ಕೂತವರೆಲ್ಲ ನೆಂಟರಾಗಬೇಕು ಅಂತಿಲ್ಲ” ಅಂದರು ಲಿಪಿತಜ್ಞರು. (ಅವರು ಹೇಳಿದ್ದು ಫ್ರೆಂಚಿನಲ್ಲಿ, ಪಂಕ್ತಿ ನನ್ನದು.)

ಈ ಹೊತ್ತಿಗೆ ಇನ್ನೊಂದು ತೊಡಕು ಬಂತು. 9ನೇ ಗಂಟಿನ ಚೀಟಿ ಹನ್ನೆರಡನೇ ಶತಮಾನದ ಅಚ್ಚುಕಟ್ಟು ಅಕ್ಷರದ್ದು, ವ್ಯಾಕರಣವೂ ಸರಿ. ಅದರಲ್ಲಿ ಇದ್ದದ್ದು ‘ಓಸೇರ್ ಪಟ್ಟಣದ ಬಿಷಪ್ ಜೆರ್ಮಾನುಸ್’. ಫ್ರಾನ್ಸಿನಲ್ಲಿ ಜೆರ್ಮಾನುಸ್ ಅನ್ನುವ ಪ್ರಸಿದ್ಧ ಬಿಷಪ್ಪರು ಇಬ್ಬರು. ಓಸೇರಿನವರು ಐದನೇ ಶತಮಾನದವರು, ಹಬ್ಬ ಜುಲೈ 31. ಪ್ಯಾರಿಸಿನವರು ತೀರಿಕೊಂಡಿದ್ದು 576ರಲ್ಲಿ, ಹಬ್ಬ ಮೇ 28. ಎಂಟನೇ ಶತಮಾನದ ಚೀಟಿ ಬರೀ ‘ಜೆರ್ಮಾನುಸ್’ ಅನ್ನುತ್ತದೆ. ಬರೆದವನಿಗೆ ಯಾವ ಜೆರ್ಮಾನುಸ್ ಅಂತ ಗೊತ್ತಿತ್ತು, ಓದುವವರಿಗೂ ಗೊತ್ತಿತ್ತು. ಅದಕ್ಕೇ ಊರು ಬರೆಯಲಿಲ್ಲ. ನಮ್ಮ ಹಳ್ಳಿಯ ಯಾವುದೋ ಹಳೇ ಸಾಲದ ಪುಸ್ತಕದಲ್ಲಿ ‘ಬಸಪ್ಪ, ಹತ್ತು ರೂಪಾಯಿ’ ಅಂತ ಇದ್ದರೆ ಹೇಗೋ ಹಾಗೆ. ಬರೆದ ದಿನ ಅದರಲ್ಲಿ ಗೊಂದಲವೇ ಇರಲಿಲ್ಲ.

ಹಾಗಾದರೆ 9ನೇ ಗಂಟು ಮತ್ತು ಹಳೆಯ ಚೀಟಿ ಮೊದಲು ಒಟ್ಟಿಗಿದ್ದವೇ? ಹನ್ನೆರಡನೇ ಶತಮಾನದವನು ಹಳೆಯದನ್ನ ನೋಡಿ ತನಗೆ ತಿಳಿದ ಊರು ಸೇರಿಸಿದನೇ? ಹತ್ತೊಂಬತ್ತನೇ ಶತಮಾನದ ಮಹಜರು ಚರ್ಚಿನ ಹೆಸರಿಗೆ ತಕ್ಕಂತೆ ಪ್ಯಾರಿಸ್ ಅಂದಿತೇ? ನನ್ನ ಅನಿಸಿಕೆ ಕೇಳಿದರೆ, ಮಹಜರು ಬರೆದವರು ಹಾಗೇ ಮಾಡಿರುವ ಸಂಭವ ಜಾಸ್ತಿ. ಆದರೆ ಅನಿಸಿಕೆಯನ್ನ ಗಂಟಿಗೆ ಕಟ್ಟಲಾಗುವುದಿಲ್ಲ.

ಅಧಿಕಾರಿ ಕಾರ್ಬನ್ ಪರೀಕ್ಷೆ ಮಾಡಿಸೋಣ ಅಂದರು. ಇಬ್ಬರ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರ ಇದೆ, ಮೂಳೆಯ ಕಾಲ ತಿಳಿದರೆ ಇತ್ಯರ್ಥ ಆಗಬಹುದು ಅನ್ನುವುದು ಅವರ ವಾದ. ಎರಡು ದಿನ ಇದರ ಮೇಲೇ ಮಾತಾಯಿತು. ಕೊನೆಗೆ ಬೇಡ ಅಂತ ತೀರ್ಮಾನವಾಯಿತು. ಗಂಟು ಬಿಚ್ಚಬೇಕಾಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಂರಕ್ಷಕಿ ಹೇಳಿದ್ದು. ಪರೀಕ್ಷೆ ಮೂಳೆಗೆ ಕಾಲ ಕೊಡುತ್ತದೆ, ಹೆಸರು ಕೊಡುವುದಿಲ್ಲ. 22ಕ್ಕೆ ಯಾವ ಚೀಟಿ ಅನ್ನುವುದೇ ಗೊತ್ತಿಲ್ಲದಿರುವಾಗ ಆರನೇ ಶತಮಾನ ಅಂತ ಫಲಿತಾಂಶ ಬಂದುಬಿಟ್ಟರೆ ಎಲ್ಲರೂ ‘ಪ್ಯಾರಿಸಿನವರೇ’ ಅಂದುಬಿಡುತ್ತೇವೆ. ಪೋಪರ ಕಾಗದ ಸಿಕ್ಕಾಗ ಮಾಡಿದ್ದನ್ನೇ ಪ್ರಯೋಗಾಲಯದ ಕಾಗದ ಹಿಡಿದು ಮತ್ತೆ ಮಾಡುತ್ತೇವೆ. ಅಧಿಕಾರಿ ಒಪ್ಪಿಕೊಂಡರು, ಅರೆಮನಸ್ಸಿನಿಂದ.

ಏನು ಮಾಡಿದೆವು

ಏಳು ಬಿಡಿ ಚೀಟಿಗಳಲ್ಲಿ ಒಂದನ್ನೂ ಯಾವ ಗಂಟಿಗೂ ಕಟ್ಟಲಿಲ್ಲ. ಮೀನಿನ ಬಾಲದ ಚೀಟಿಯೊಂದು ಮಾತ್ರ ಫೋಟೋದ ಆಧಾರದ ಮೇಲೆ 14ಕ್ಕೆ ವಾಪಸು ಹೋಯಿತು. ಬಿಡಿ ಚೀಟಿಗಳು ಒಂದೊಂದೂ ತನ್ನದೇ ಮಡಿಕೆಕಾಗದದಲ್ಲಿ, ತನ್ನದೇ ನಂಬರಿನಲ್ಲಿ, ಗಂಟುಗಳ ಜತೆಗೇ ಇವೆ. ಎಲ್ಲಿ ಸಿಕ್ಕಿತು, ಯಾವ ಗಂಟಿಗೆ ಹೊಂದಬಹುದು, ಯಾಕೆ ಹೊಂದದಿರಬಹುದು ಅಂತ ರಿಜಿಸ್ಟರಿನಲ್ಲಿದೆ. ಹಳೆಯ ಚೀಟಿ ಮಾಸಿದೆ ಅಂತ ಹೊಸದಕ್ಕೆ ಜಾಗ ಕೊಡಲು ಅದನ್ನು ತೆಗೆಯಲಿಲ್ಲ. ಹಿಂದಿನವರು ಹಾಗೆ ತೆಗೆಯದೇ ಇದ್ದದ್ದರಿಂದಲೇ ಅಲ್ವಾ ‘ರೆಲಿಕ್ವಿಯಾಸ್’ ಅನ್ನುವ ತಪ್ಪು ನಮಗೆ ಸಿಕ್ಕಿದ್ದು.

ಆಮೇಲೆ ಇಂಥ ಎರಡು ಕೆಲಸಗಳಲ್ಲಿ ಇದ್ದೆ. ಮೂರು ಅಭ್ಯಾಸ ಇಲ್ಲಿಂದ ಜತೆಗೆ ಬಂದವು. ಬಿಡಿ ಚೀಟಿಯ ಟ್ರೇ ಗಂಟಿನ ಮೇಜಿನ ಮೇಲೆ ಇರುವ ಹಾಗೇ ಇಲ್ಲ, ಬೇರೆ ಮೇಜು. ಏನಾದರೂ ಜಾರಿದರೆ ಮೊದಲು ಕ್ಯಾಮೆರಾ, ಆಮೇಲೆ ಕೈ. ಇನ್ನು, ಚೀಟಿ ಓದುವವರಿಗೆ ಅದು ಯಾವ ಗಂಟಿನದು ಅಂತ ಹೇಳುವುದಿಲ್ಲ, ಗಂಟಿನ ಎಕ್ಸ್‌-ರೇ ನೋಡುವವರಿಗೆ ಚೀಟಿಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ಇಬ್ಬರೂ ಬರೆದುಕೊಟ್ಟ ಮೇಲೇ ಎರಡನ್ನೂ ಪಕ್ಕ ಇಡುತ್ತೇವೆ. ಮೂರನೆಯದಕ್ಕೆ ಸಮಯ ಹಿಡಿಯುತ್ತದೆ, ಬೇಜಾರೂ ಆಗುತ್ತದೆ. ಆದರೆ ಆರನೇ ದಿನ ಯಾರಾದರೂ ಚೀಟಿ ನೋಡದೆ ‘ಇದು ಪುಣ್ಯಸ್ಥಳದ ಕಲ್ಲಿರಬೇಕು’ ಅಂದಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು, ಕರಪತ್ರವೂ.

ಮೇ 28ಕ್ಕೆ ಫಾದರ್ ಇಡೀ ಪೆಟ್ಟಿಗೆಯನ್ನೇ ಮೆರವಣಿಗೆಯಲ್ಲಿ ಹೊರಿಸಿದರು. ಜೆರ್ಮಾನುಸ್ ಇದರಲ್ಲಿ ಎಲ್ಲೋ ಇದ್ದಾರೆ ಅಂದರು, ಪ್ಯಾರಿಸ್ ಅಂತ ಹೇಳಲಿಲ್ಲ, ಓಸೇರ್ ಅಂತಲೂ ಹೇಳಲಿಲ್ಲ. ಊರವರು ಯಾರೂ ಕೇಳಲಿಲ್ಲ. ಬ್ಯಾಂಡ್ ಜೋರಾಗಿತ್ತು.

ಹೆಸರಿಲ್ಲದ ಐದು ಗಂಟುಗಳಿಗೆ ‘ಅಜ್ಞಾತ’ ಅಂತ ಬರೆಯಲು ಹೊರಟಿದ್ದೆ. ಫಾದರ್ ತಡೆದರು. ಬಿಡಿ ಚೀಟಿಗಳಲ್ಲೇ ಒಂದು ಹೀಗಿತ್ತು: ‘ಯಾರ ಹೆಸರು ದೇವರಿಗೆ ಗೊತ್ತೋ ಆ ಸಂತರ ಅವಶೇಷ’. ಹೆಸರು ಕಳೆದುಹೋದ ಗಂಟುಗಳಿಗೆ ಮಧ್ಯಯುಗದವರು ಬರೆಯುತ್ತಿದ್ದ ಮಾತು. ಅದನ್ನೇ ಬರೆಯಿರಿ ಅಂದರು. ಅಧಿಕಾರಿ ‘ಅಜ್ಞಾತ’ ಬೇಕೇ ಬೇಕು ಅಂದರು. ಕೊನೆಗೆ ಎರಡನ್ನೂ ಬರೆದೆವು, ಒಂದರ ಕೆಳಗೊಂದು.

ಜೂನಿನಲ್ಲಿ ಹೊಸ ಪೆಟ್ಟಿಗೆಗೆ ಎಲ್ಲವನ್ನೂ ಇಟ್ಟೆವು. ಮಹಜರಿನ ಪ್ರತಿಯ ಜತೆಗೆ ಪ್ರತಿ ಗಂಟಿಗೂ ಆಮ್ಲವಿಲ್ಲದ ಕಾಗದದ ಒಂದು ಚೀಟಿ, ಪೆನ್ಸಿಲಿನಲ್ಲಿ ಬರೆದದ್ದು. 14ನೇ ಗಂಟಿನದನ್ನ ಸಂರಕ್ಷಕಿ ನನ್ನ ಕೈಯಲ್ಲೇ ಬರೆಸಿದರು. ‘ಮೊದ್ಲ ದಿನ ಫೋಟೋ ತೆಗೆಯುವವನ ಕೈಯಿಂದ ಚೀಟಿ ಜಾರಿತು. ತಪ್ಪು ಚೀಟಿ ಹಾಕಲಾಯಿತು. ಹತ್ತನೇ ದಿನ ಗೊತ್ತಾಯಿತು, ಹನ್ನೊಂದನೇ ದಿನ ಸರಿ ಮಾಡಲಾಯಿತು.’ ಕೆಳಗೆ ನನ್ನ ಹೆಸರಿನ ಎರಡಕ್ಷರ. ಊರು ಬರೆಯಲಿಲ್ಲ, ಬರೆಯಬೇಕು ಅಂತ ಆಗ ಹೊಳೆಯಲೂ ಇಲ್ಲ. ಮುಚ್ಚಳ ಹಾಕಿ, ದಾರ ಕಟ್ಟಿ, ಬಿಷಪ್ಪರ ಕಡೆಯವರು ಅರಗು ಸುರಿದು ಮೊಹರು ಒತ್ತಿದರು.